ನಾನೇ ಅಳಿಸಿದ ಬಲಗಲ್ಲದ ಗೆರೆ

ನನ್ನ ಹತ್ತಿರ ಒಂದು ಆಲ್ಬಮ್ ಇದೆ. ಅದರ ತುಂಬ ನಾನೇ ಇದ್ದೇನೆ. ಎಂಥ ಸೊಕ್ಕಿನ ಹೆಂಗಸಪ್ಪಾ ಎಂದುಕೊಳ್ಳುತ್ತೀರಿ. ಎಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ಕೆಲವು ಫೋಟೊಗಳಲ್ಲಿ ಬಾಯಿ ಬಲಕ್ಕೆ ಓಡಿಹೋಗಿದೆ, ಕೆಲವದರಲ್ಲಿ ಎಡಗಣ್ಣು ಪಿಳಿಪಿಳಿ ತೆರೆದೇ ಇದೆ, ಒಂದೆರಡರಲ್ಲಂತೂ ಜಾತ್ರೆಯ ಮರದ ಗೊಂಬೆಯ ಹಾಗೆ ಕೂತಿದ್ದೇನೆ. ಆ ಗೊಂಬೆಯದೇ ದೊಡ್ಡ ಕತೆ.

ಕಳೆದ ತಿಂಗಳು ಹಳ್ಳಿಖೇಡದಿಂದ ಒಬ್ಬ ಹೆಣ್ಣುಮಗಳು ಬಸವಕಲ್ಯಾಣದ ನಮ್ಮ ಸ್ಟುಡಿಯೋಕ್ಕೆ ಬಂದಿದ್ದಳು. ಬಾಯಿಗೆ ಸೆರಗು ಅಡ್ಡ. ಸ್ಟೂಲಿನ ಮೇಲೆ ಕೂತವಳೇ, "ಅಕ್ಕಾ, ಈ ಕಡೀ ಮಾರಿ ಅಷ್ಟ ತೆಗೀರಿ. ಆ ಕಡೀದು ಬ್ಯಾಡ," ಎಂದಳು. ನನಗೆ ಕೂಡಲೇ ತಿಳಿಯಿತು. ಕ್ಯಾಮೆರಾ ಬಿಟ್ಟು ಆಲ್ಬಮ್ ತಂದು ಅವಳ ತೊಡೆಯ ಮೇಲಿಟ್ಟೆ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಸೆರಗು ತಾನಾಗಿಯೇ ಜಾರಿತ್ತು. ಆ ದಿನ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ನಡೆದಾಗ ನನಗೆ ಇಪ್ಪತ್ನಾಲ್ಕು ವರ್ಷ. ಸ್ಟುಡಿಯೋ ನಮ್ಮ ಯಜಮಾನರದು. ಮನೆಯ ಮುಂಭಾಗವೇ ಸ್ಟುಡಿಯೋ, ಹಿಂಭಾಗದಲ್ಲಿ ನಾವು. ನಮ್ಮೂರಿನ ಎಷ್ಟೋ ಮನೆಗಳ ಹೆಣ್ಣುಮಕ್ಕಳು, ಮುಸಲ್ಮಾನರ ಮನೆಯವರೂ ಗೌಡರ ಮನೆಯವರೂ, ಗಂಡಸು ಕ್ಯಾಮೆರಾ ಹಿಡಿದರೆ ಎದುರು ಕೂಡುತ್ತಿರಲಿಲ್ಲ. ಬಾಗಿಲ ತನಕ ಬಂದು ವಾಪಸು ಹೋಗುತ್ತಿದ್ದರು. ಅದನ್ನು ನೋಡಿ ನೋಡಿ ಇವರೇ ಒಂದು ದಿನ, "ಕಸ್ತೂರಿ, ನೀನೇ ಕಲಿ. ದೀಪಾವಳಿಗೆ ಬೋರ್ಡ್ ಹಾಕೋಣು," ಎಂದರು. ಬೋರ್ಡನ್ನು ಬರೆಸಿಯೂ ಬಿಟ್ಟರು: ‘ಹೆಣ್ಣುಮಕ್ಕಳ ಫೋಟೊ ಹೆಣ್ಣುಮಕ್ಕಳೇ ತೆಗೆಯುತ್ತಾರೆ.’ ನಾನಿನ್ನೂ ಕ್ಯಾಮೆರಾ ಮುಟ್ಟಿರಲಿಲ್ಲ, ಬೋರ್ಡಿನ ಬಣ್ಣ ಒಣಗಿತ್ತು. ನಮ್ಮವರ ಅವಸರವೇ ಹಾಗೆ.

ನನಗೆ ಕೆಲಸ ಕಲಿಸಿದವರು ಕರೀಂ ಚಾಚಾ. ನಮ್ಮ ಸ್ಟುಡಿಯೋದಲ್ಲಿ ಟಚಿಂಗ್ ಮಾಡುತ್ತಿದ್ದ ಹಿರಿಯರು. ನೆಗೆಟಿವ್‌ನಲ್ಲಿ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಮುಖದ ಸುಕ್ಕು ಅಲ್ಲಿ ತಿಳಿಯಾದ ಸಣ್ಣ ಗೆರೆಯಾಗಿ ಕಾಣುತ್ತದೆ. ಪೆನ್ಸಿಲ್ಲನ್ನು ಸೂಜಿಯಷ್ಟು ಚೂಪು ಮಾಡಿ ಆ ಗೆರೆಯನ್ನು ಮೆಲ್ಲಗೆ ತುಂಬಿದರೆ, ಪ್ರಿಂಟ್ ಹಾಕಿದಾಗ ಸುಕ್ಕು ಮಾಯ. ಚಾಚಾ ಐವತ್ತು ವರ್ಷದ ಹೆಂಗಸನ್ನು ಮೂವತ್ತಕ್ಕೆ ಇಳಿಸುತ್ತಿದ್ದರು. ಆದರೆ ಅವರ ಕಣ್ಣಿಗೆ ಪೊರೆ ಬರುತ್ತಿತ್ತು. "ಗಿರಾಕಿ ಮುಖದ ಮ್ಯಾಲ ಕೈ ತಿದ್ದಬ್ಯಾಡ ಬೇಟಿ," ಎಂದಿದ್ದರು ಮೊದಲ ದಿನವೇ. "ಮೊದಲ ನಿನ್ನ ಮುಖಾ ನೀ ಕೆಡಿಸ್ಕೊ. ಯಾರೂ ಜಗಳಕ್ಕ ಬರಂಗಿಲ್ಲ."

ಹಾಗಾಗಿ ನನ್ನ ಗಿರಾಕಿ ನಾನೇ ಆದೆ. ನಮ್ಮದು ಮರದ ಸ್ಟ್ಯಾಂಡಿನ ದೊಡ್ಡ ಕ್ಯಾಮೆರಾ. ಸ್ಟೂಲಿನ ಮೇಲೆ ಒಂದರ ಮೇಲೊಂದು ಎರಡು ಕೊಡ ಇಟ್ಟು, ಮೇಲಿನ ಕೊಡಕ್ಕೆ ನನ್ನ ಮೂಗು ಬರುವ ಜಾಗದಲ್ಲಿ ಕುಂಕುಮದ ಬೊಟ್ಟು ಹಚ್ಚಿ, ಕರಿ ಬಟ್ಟೆಯೊಳಗೆ ತಲೆ ಹಾಕಿ ಫೋಕಸ್ ಮಾಡುವುದು. ಕ್ಯಾಮೆರಾದಿಂದ ಬೊಟ್ಟಿನವರೆಗೆ ದಾರ ಹಿಡಿದು ಅಳತೆ ತೆಗೆಯುವುದು. ಆಮೇಲೆ ಕೊಡ ಇಳಿಸಿ ನಾನು ಕೂತು, ದಾರದ ತುದಿಯನ್ನು ಮೂಗಿಗೆ ಮುಟ್ಟಿಸಿ ನೋಡಿ, ದಾರ ಬಿಟ್ಟು, ಕಾಲ ಕೆಳಗಿನ ರಬ್ಬರ್ ಚೆಂಡನ್ನು ಹಿಮ್ಮಡಿಯಿಂದ ಒತ್ತುವುದು. ಚೆಂಡಿನ ಗಾಳಿ ನಳಿಗೆಯಲ್ಲಿ ಹೋಗಿ ಫೋಟೊ ಹೊಡೆಯುತ್ತಿತ್ತು. ಒಂದು ದಿನ ನಮ್ಮ ಅತ್ತೆ ಒಳಗೆ ಬಂದವರು ಬೊಟ್ಟಿಟ್ಟ ಕೊಡ ಕಂಡು ಯಾವುದೋ ಪೂಜೆಯೆಂದು ಕೈಮುಗಿದೇಬಿಟ್ಟರು. ನಾನು ಬಟ್ಟೆಯೊಳಗೆ ನಕ್ಕದ್ದಕ್ಕೆ ಮೂರು ದಿನ ಮಾತಾಡಲಿಲ್ಲ. ನನ್ನ ನಗುವೇ ಹಾಗಿತ್ತು, ಓಣಿಯ ತುದಿಗೆ ಕೇಳುತ್ತಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಒಲೆ ಹೊತ್ತಿಸಲು ಕೂತೆ. ಹಸಿ ಕಟ್ಟಿಗೆ. ಊದುಗೊಳವೆ ಬಾಯಿಗಿಟ್ಟು ಊದಿದರೆ ಗಾಳಿ ಗೊಳವೆಯೊಳಗೆ ಹೋಗಲೇ ಇಲ್ಲ, ಎಡತುಟಿಯ ಬದಿಯಿಂದ ಪುಸ್ ಎಂದು ಹೊರಗೆ ಹೋಯಿತು. ಗೊಳವೆ ಕಟ್ಟಿಕೊಂಡಿದೆ ಎಂದು ಒಲೆಯ ಕಟ್ಟೆಗೆ ಕುಟ್ಟಿದೆ. ಮತ್ತೆ ಊದಿದೆ. ಮತ್ತೆ ಪುಸ್. ಅತ್ತೆ ತಿರುಗಿ ನೋಡಿದವರು ಕೈಯಲ್ಲಿದ್ದ ತಂಬಿಗೆ ಬಿಟ್ಟರು.

"ಅಯ್ಯ ನನ ಶಿವನ! ಕಸ್ತೂರಿ, ಬಾಯಿ ಎಲ್ಲಿ ಹೊಂಟದ ನಿಂದು!"

ಕನ್ನಡಿ ನೋಡಿದೆ. ಬಾಯಿ ಬಲಕ್ಕೆ ಹೋಗಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ, ಸುಮ್ಮನೆ ನೀರು ಸುರಿಸುತ್ತಿತ್ತು. ಎಡಗಲ್ಲ ಯಾರದೋ ಗಲ್ಲದ ಹಾಗೆ ತಣ್ಣಗೆ ಕೂತಿತ್ತು. ಹೆದರಿಕೆಯಾಯಿತೇ ಎಂದು ಹಳ್ಳಿಖೇಡದವಳು ಕೇಳಿದಳು. ಹೆದರಿಕೆ ಎಂದರೆ ಎಂಥದು! ಅಲ್ಲೇ ಬೂದಿಯಲ್ಲಿ ಕೂತುಬಿಟ್ಟೆ.

ಇವರು ಬಂದು ನೋಡಿದರು. ನೆಟ್ಟಗೆ ಡಾರ್ಕ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತಿನ ಮೇಲೆ ಬಂದಾಗ ಕಣ್ಣು ಕೆಂಪಗಿದ್ದವು. "ಹೈಪೋ ನೀರು ಕಣ್ಣಿಗೆ ಸಿಡೀತು," ಎಂದರು. ಆ ದಿನ ತೊಳೆಯಲಿಕ್ಕೆ ಒಂದು ಫಿಲಮೂ ಇರಲಿಲ್ಲ.

ಅತ್ತೆಗೆ ಮಾತ್ರ ರೋಗದ ಮೂಲ ಆಗಲೇ ಸಿಕ್ಕಿತ್ತು. "ಲಕ್ವಾ ಹೊಡದದ. ಯಾಕ ಹೊಡೀಬಾರದು? ದಿನಾ ತನ್ನ ಮಾರಿ ತಾನೇ ತಕ್ಕೊಂಡು, ತಾನೇ ನೋಡಕೋತ ಕೂತರ ದೃಷ್ಟಿ ಆಗಲಾರದೇ ಇರತದೇನು? ಇಕೀಗಿ ಇಕೀದೇ ದೃಷ್ಟಿ ಆಗ್ಯದ!" ಉಪ್ಪು, ಒಣಮೆಣಸಿನಕಾಯಿ ಹಿಡಿದು ನನಗೆ ನಿವಾಳಿಸಿದರು. ಆಮೇಲೆ ಏನೋ ನೆನಪಾದವರ ಹಾಗೆ ಸ್ಟುಡಿಯೋಕ್ಕೆ ಹೋಗಿ ಕ್ಯಾಮೆರಾಕ್ಕೂ ಮೂರು ಸುತ್ತು ನಿವಾಳಿಸಿದರು. ಮೆಣಸಿನಕಾಯಿ ಒಲೆಗೆ ಹಾಕಿದಾಗ ಇಡೀ ಮನೆ ಕೆಮ್ಮಿತು. ನನಗೆ ನಗು ಬಂತು, ಅರ್ಧ ಮುಖಕ್ಕೆ ಮಾತ್ರ. ಆ ಅರ್ಧ ನಗುವನ್ನು ಕಂಡು ಇವರು ತಲೆ ತಗ್ಗಿಸಿದರು. ಆಗ ನನಗೆ ನಿಜವಾಗಿ ಅಳು ಬಂತು. ಹೆಣ್ಣುಮಕ್ಕಳನ್ನು ಎದುರು ಕೂಡಿಸಿಕೊಂಡು ನಗ್ರಿ ಎನ್ನಬೇಕಾದವಳು ನಾನು. ಈ ಬಾಯಿ ಇಟ್ಟುಕೊಂಡು ಯಾರಿಗೆ ನಗ್ರಿ ಎನ್ನಲಿ? ಬೋರ್ಡನ್ನು ಎತ್ತಿ ಗೋಡೆಗೆ ಮುಖ ಮಾಡಿ ಇಟ್ಟೆ.

ಮರುದಿನ ಹುಮನಾಬಾದಿನ ಬಸ್ಸು ಹತ್ತಿದೆವು, ಮೂರೂ ಜನ. ಅಲ್ಲಿನ ದವಾಖಾನೆಯಲ್ಲಿ ಮೈಸೂರು ಕಡೆಯ ಡಾಕ್ಟರೊಬ್ಬರಿದ್ದಾರೆ, ನರದ ರೋಗ ಚೆನ್ನಾಗಿ ನೋಡುತ್ತಾರೆ ಎಂದು ಯಾರೋ ಹೇಳಿದ್ದರು. ಪಡಸಾಲೆಯ ಬೆಂಚಿನ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತೆ. ನನ್ನ ಪಕ್ಕದಲ್ಲಿ ನಿರ್ಣಾ ಹಳ್ಳಿಯ ಮುದುಕಿಯೊಬ್ಬಳು ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದಳು. ನನ್ನನ್ನೇ ನೋಡಿ ನೋಡಿ, "ಲಕ್ವಾ ಏನವಾ?" ಎಂದಳು. ತಲೆ ಆಡಿಸಿದೆ. "ನನಗೂ ಹೊಡದಿತ್ತು, ನನ್ನ ನಡುವಿನ ಮಗ ಹೊಟ್ಟ್ಯಾಗಿದ್ದಾಗ. ಈಗ ನೋಡು," ಎಂದವಳೇ ಎರಡೂ ಗಲ್ಲದಲ್ಲಿ ಗಾಳಿ ತುಂಬಿಕೊಂಡು ಕಪ್ಪೆಯ ಹಾಗೆ ಉಬ್ಬಿಸಿ ತೋರಿಸಿದಳು. ಹಲ್ಲಿಲ್ಲದ ಬಾಯಿ, ಒಂದಿಷ್ಟೂ ಗಾಳಿ ಸೋರಲಿಲ್ಲ. ಅತ್ತೆ ಆಕೆಗೆ ಚೀಲದಿಂದ ಎಲೆ ಅಡಿಕೆ ತೆಗೆದುಕೊಟ್ಟರು. ಆ ಮುದುಕಿಯ ಹೆಸರು ಕೇಳಲಿಲ್ಲವಲ್ಲ ಎಂದು ಇವತ್ತಿಗೂ ಹಳಹಳಿಸುತ್ತೇನೆ.

ಡಾಕ್ಟರು ಹಣೆ, ಕಣ್ಣು, ತುಟಿ ಎಲ್ಲ ನೋಡಿದರು. "ಹೆದರಬೇಡಿಯಮ್ಮ. ತುಂಬ ಜನಕ್ಕೆ ವಾಸಿಯಾಗುತ್ತೆ. ಮಾತ್ರೆ ಕೊಡ್ತೀನಿ. ರಾತ್ರಿ ಮಲಗುವಾಗ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಿ. ಎಡಗಡೆ ಗಲ್ಲದಲ್ಲಿ ಒಂದು ಗೆರೆಯಾದರೂ ಮೂಡಬೇಕು, ಅದು ಮೂಡಿತು ಅಂದರೆ ನರ ಎದ್ದಿದೆ ಅಂತ. ದೀಪಾವಳಿವರೆಗೆ ನೋಡೋಣ."

"ಮೂಡಲಿಲ್ಲಂದ್ರ ಡಾಕ್ಟರೇ?" ಎಂದು ಇವರು ಕೇಳಿದರು.

"ಆಗ ನೋಡೋಣ," ಎಂದರು ಡಾಕ್ಟರು. ಈ ‘ನೋಡೋಣ’ ಮೊದಲಿನ ‘ನೋಡೋಣ’ದ ಹಾಗಿರಲಿಲ್ಲ. ನನಗೂ ಇವರಿಗೂ ಅದು ತಿಳಿಯಿತು.

ನಾವು ಸ್ಟುಡಿಯೋದವರೆಂದು ಗೊತ್ತಾದಾಗ ಅವರಿಗೆ ಖುಷಿಯಾಯಿತು. ಮಳೆಯಲ್ಲಿ ಪದೇ ಪದೇ ಬರಬೇಡಿ, ಹದಿನೈದು ದಿನಕ್ಕೊಮ್ಮೆ ಮೂರು ಫೋಟೊ ತೆಗೆದು ಟಪಾಲಿಗೆ ಹಾಕಿ ಎಂದರು. ಸುಮ್ಮನೆ ಕೂತದ್ದು ಒಂದು, ಹುಬ್ಬು ಏರಿಸಿದ್ದು ಒಂದು, ಹಲ್ಲು ಬಿಟ್ಟು ನಕ್ಕದ್ದು ಒಂದು. ಅಂದರೆ ನನ್ನ ಮುಖವನ್ನು ನಾನೇ ತೆಗೆಯುವ ಕೆಲಸ ಈಗ ಔಷಧದ ಲೆಕ್ಕಕ್ಕೆ ಸೇರಿತು. ಅತ್ತೆಯ ಮುಖ ನೋಡಬೇಕಿತ್ತು.

ಇಲ್ಲಿಂದ ಮುಂದಿನದು ನನ್ನ ಶಾಣ್ಯಾತನದ ಕತೆ.

ಕೊಡ, ಬೊಟ್ಟು, ದಾರ, ಚೆಂಡು ಎಲ್ಲ ಮೊದಲಿನಂತೆಯೇ. ಮೊದಲ ಎರಡು ಸಲ ಇದ್ದದ್ದನ್ನು ಇದ್ದ ಹಾಗೆ ತೆಗೆದು ಕಳಿಸಿದೆ. ನಕ್ಕ ಫೋಟೊ ಕಂಡು ನನಗೇ ಹೇಸಿಕೆಯಾಯಿತು. ಮೂರನೆಯ ಸಲ ಹಲ್ಲು ಬಿಡಲಿಕ್ಕೆ ಮನಸ್ಸೇ ಬರಲಿಲ್ಲ. ತುಟಿ ಮುಚ್ಚಿಕೊಂಡು, ಒಳಗೊಳಗೇ ನಕ್ಕೆನೆಂದು ಅಂದುಕೊಂಡು, ಚೆಂಡು ಒತ್ತಿದೆ. ಹುಬ್ಬನ್ನೂ ಅಷ್ಟಕ್ಕಷ್ಟೇ ಏರಿಸಿದೆ. ಫಿಲಂ ತೊಳೆದು ಒಣಗಿಸಿ, ಟಚಿಂಗ್ ಮೇಜಿನ ಮೇಲೆ ಬೆಳಕಿಗೆ ಹಿಡಿದೆ. ಕೈಗೆ ಪೆನ್ಸಿಲ್ ಬಂತು.

ಚಾಚಾ ನನಗೆ ಕಲಿಸಿದ್ದೇನು? ಗೆರೆ ಕಂಡರೆ ತುಂಬು. ನೆಗೆಟಿವ್‌ನಲ್ಲಿ ನನ್ನ ಎಡಗಲ್ಲ ಹೊಸ ಹಾಳೆಯ ಹಾಗೆ ನುಣ್ಣಗಿತ್ತು. ಎಡ ಹಣೆಯಲ್ಲೂ ಒಂದು ಸುಕ್ಕಿಲ್ಲ. ಗಿರಾಕಿಗಳು ನಮ್ಮಲ್ಲಿಗೆ ಬಂದು ಕೇಳುವುದು ಅಂಥ ಮುಖವನ್ನೇ. ಬಲಗಡೆ ನೋಡಿದರೆ ಮೂಗಿನಿಂದ ತುಟಿಯ ತುದಿಗೆ ಒಂದು ಆಳವಾದ ಗೆರೆ, ಹಣೆಯಲ್ಲಿ ಮೂರು ಸುಕ್ಕು. ಅಯ್ಯ, ಈ ಕಡೆ ಕೆಟ್ಟಿದೆ ಎಂದು ಕೈ ತಾನಾಗಿಯೇ ಕೆಲಸ ಹಿಡಿಯಿತು. ಒಂದು ಮಧ್ಯಾಹ್ನ ಪೂರ್ತಿ ಕೂತು ಬಲಗಡೆಯ ಗೆರೆಗಳನ್ನೆಲ್ಲ ಒಂದೊಂದಾಗಿ ತುಂಬಿದೆ. ಪ್ರಿಂಟ್ ಬಂದಾಗ ಎರಡೂ ಕಡೆ ಸಮ, ನುಣುಪು, ಹೊಳಪು. ಇಷ್ಟು ಸಫಾಯಿಯಾದ ಟಚಿಂಗ್ ನಾನು ಅದಕ್ಕೂ ಮೊದಲು ಮಾಡಿರಲಿಲ್ಲ. ಚಾಚಾ ಕಣ್ಣಿಗೆ ಹತ್ತಿರ ಹಿಡಿದು, "ಶಾಬಾಸ್ ಬೇಟಿ!" ಎಂದರು. ಇವರು ಪ್ರತಿ ಫೋಟೊದ ಹಿಂದೆ ಮುತ್ತಿನಂಥ ಅಕ್ಷರದಲ್ಲಿ ‘ಹುಬ್ಬು ಏರಿಸಿದ್ದು’, ‘ನಕ್ಕದ್ದು’ ಎಂದು ಬರೆದು ಟಪಾಲಿಗೆ ಹಾಕಿದರು.

ನಾಲ್ಕನೆಯ ದಿನ ಡಾಕ್ಟರ ಕಾರ್ಡು ಬಂತು. ಇವರು ಓದುತ್ತ ಓದುತ್ತ ಗೋಡೆಗೆ ಒರಗಿದರು. ‘ಕಾರ್ಡು ತಲುಪಿದ ಕೂಡಲೇ ಕರೆದುಕೊಂಡು ಬನ್ನಿ. ಬಲಗಡೆಗೂ ಹಬ್ಬಿದಂತೆ ಕಾಣುತ್ತದೆ. ಹೈದರಾಬಾದಿಗೆ ಕಳಿಸಬೇಕಾಗಬಹುದು.’

ಮನೆಯಲ್ಲಿ ಗೋಳೋ ಎಂದು ಶುರುವಾಯಿತು. ನಾನು ಕನ್ನಡಿಗೆ ಓಡಿದೆ. ಬಲಹುಬ್ಬು ಏರಿಸಿದೆ, ಏರಿತು. ಬಲಗಣ್ಣು ಮುಚ್ಚಿದೆ, ಮುಚ್ಚಿತು. ಆದರೂ ಡಾಕ್ಟರು ಬರೆದಿದ್ದಾರಲ್ಲ, ಓದಿದವರಿಗಿಂತ ನನಗೆ ಹೆಚ್ಚು ಗೊತ್ತೇ? ಸ್ವಂತ ಮುಖದ ಮೇಲೆಯೇ ನಂಬಿಕೆ ಹೋಯಿತು. ಆ ಗಾಬರಿಯಲ್ಲಿ ಪೆನ್ಸಿಲ್ಲಿನ ಕೆಲಸ ಯಾರ ನೆನಪಿಗೂ ಬರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಲಹುಬ್ಬು ಏರಿಸುವುದು, ಇಳಿಸುವುದು, ಬಲಗಣ್ಣು ಮುಚ್ಚುವುದು, ತೆರೆಯುವುದು, ಇದೇ ಕೆಲಸ. ಎದುರಿಗೆ ನಿಂತಿದ್ದ ಕಂಡಕ್ಟರು ಎರಡು ಸಲ ಹಿಂದೆ ತಿರುಗಿ ನೋಡಿದ, ಆಮೇಲೆ ಮುಖ ಕೆಂಪು ಮಾಡಿಕೊಂಡು ಡ್ರೈವರ್ ಹತ್ತಿರ ಹೋಗಿ ಕೂತ. ಅತ್ತೆ ನನ್ನ ತೊಡೆ ಚಿವುಟಿದರು. "ಏ, ಸುಮ್ಮ ಕೂಡ. ಅಂವಾ ಏನು ತಿಳಕೊಂಡಾನು!"

ಪಡಸಾಲೆಯ ಆ ದಿನದ ಕಾಯುವಿಕೆ ಬಹಳ ಉದ್ದವಾಗಿತ್ತು. ಅತ್ತೆ ನನ್ನ ಕೈ ಬಿಟ್ಟಿರಲಿಲ್ಲ. ಬೈಯುವುದನ್ನೂ ಬಿಟ್ಟಿದ್ದರು, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಡಾಕ್ಟರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಫೋಟೊ ನೋಡಿದರು. "ಹುಬ್ಬು ಏರಿಸಿ." ಏರಿಸಿದೆ. "ಹಲ್ಲು ಬಿಡಿ." ಬಿಟ್ಟೆ. ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಬಲಗಡೆ ಎಲ್ಲ ಸರಿ ಇದೆಯಲ್ಲಮ್ಮ! ಮತ್ತೆ ಇದರಲ್ಲಿ ಒಂದು ಗೆರೆಯೂ ಇಲ್ಲವಲ್ಲ? ನಗಿ ಅಂದರೆ ನಕ್ಕಿಲ್ಲ, ಹುಬ್ಬು ಏರಿಸಿ ಅಂದರೆ ಹಣೆ ಕಲ್ಲಿನ ಹಾಗಿದೆ. ಏನಾಯ್ತು ಇದಕ್ಕೆ?"

ನಾನು ನೆಲ ನೋಡುತ್ತ, "ಟಚಿಂಗ್ ಮಾಡೀನಿ ಸಾಹೇಬ್ರ," ಎಂದೆ.

"ಏನು ಮಾಡಿದ್ದೀರಿ?"

"ಗೆರಿ ಇದ್ದವ್ರಿ. ಪೆನ್ಸಿಲ್‌ನಿಂದ ತೆಗದೀನ್ರಿ. ಚಂದ ಕಾಣಲಿ ಅಂತ."

ಡಾಕ್ಟರು ಕುರ್ಚಿಗೆ ಒರಗಿ ಎಂಥ ನಗು ನಕ್ಕರೆಂದರೆ ಕಾಂಪೌಂಡರು ಓಡಿಬಂದ. "ಆರು ವರ್ಷ ಓದಿದ್ದೇನಮ್ಮ, ಪೆನ್ಸಿಲ್ಲಿನಿಂದ ಬರುವ ಲಕ್ವಾ ಯಾವ ಪುಸ್ತಕದಲ್ಲೂ ಇರಲಿಲ್ಲ!" ಕಣ್ಣೊರೆಸಿಕೊಂಡು ಮುಂದೆ ಬಾಗಿದರು. "ನೋಡಿ, ನಿಮ್ಮ ಬಲಗಡೆಯೇ ಚೆನ್ನಾಗಿರುವ ಕಡೆ. ಗೆರೆ ಇರೋದರಿಂದಲೇ ಅದು ಚೆನ್ನಾಗಿದೆ. ಎಡಗಡೆಯೂ ಹಾಗಾಗಲಿ ಅಂತ ತಾನೇ ನಾವು ಕಾಯ್ತಿರೋದು? ನೀವು ಒಳ್ಳೆಯದನ್ನ ಕೆಟ್ಟದ್ದಕ್ಕೆ ಹೊಂದಿಸಿ ಕೂತಿದ್ದೀರಿ."

ಅತ್ತೆಯ ಬೈಗುಳ ವಾಪಸು ಬಂತು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ನಿಲ್ಲಲಿಲ್ಲ. ಇಷ್ಟು ಇಂಪಾದ ಬೈಗುಳ ನನ್ನ ಜನ್ಮದಲ್ಲಿ ಕೇಳಿಲ್ಲ.

ಕರೀಂ ಚಾಚಾಗೆ ಹೇಳಿದಾಗ ಅವರೂ ನಕ್ಕರು, ಆಮೇಲೆ ಗಡ್ಡ ಸವರಿಕೊಂಡರು. "ಗಲತಿ ನಂದದ ಬೇಟಿ. ಗೆರಿ ತೆಗಿಯೋದು ಕಲಿಸಿದೆ. ಯಾವ ಗೆರಿ ಬಿಡಬೇಕು ಅನ್ನೋದು ಕಲಿಸಲಿಲ್ಲ," ಎಂದರು. ಅಂದಿನಿಂದ ನಮ್ಮ ಪಾಠ ಬೇರೆಯಾಯಿತು. ನನ್ನ ಹಳೆಯ ಫೋಟೊಗಳನ್ನೆಲ್ಲ ಹರಡಿ, ಒಂದೊಂದು ಗೆರೆಯೂ ಯಾವಾಗ ಬರುತ್ತದೆ, ಅದನ್ನು ತೆಗೆದರೆ ಕಣ್ಣಿನ ನಗು ಹೇಗೆ ಸತ್ತುಹೋಗುತ್ತದೆ ಎಂದು ಕೂತು ನೋಡುವುದು. ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪನ್ನು ಅರ್ಧ ತುಂಬು, ನಕ್ಕು ನಕ್ಕು ಬಿದ್ದ ಗೆರೆಯನ್ನು ಮುಟ್ಟಬೇಡ. ಬಣ್ಣದ ಫಿಲಂ ಬಂದು ಪೆನ್ಸಿಲ್ ಕೆಲಸ ಮೂಲೆ ಸೇರಿದ ಈ ದಿನಗಳಲ್ಲೂ ಬೆಳಕು ಇಡುವಾಗ ನಾನು ಮೊದಲು ನೋಡುವುದು ಆ ಗೆರೆಗಳನ್ನೇ.

ಆದರೆ ನನ್ನ ಎಡಗಲ್ಲ ಏಳಲಿಲ್ಲ. ಭಾದ್ರಪದ ಕಳೆಯಿತು, ದಸರೆಯ ಬನ್ನಿ ಕೊಡಲು ಬಂದವರೆದುರು ಸೆರಗು ಅಡ್ಡ ಹಿಡಿದೇ ನಿಂತೆ. ದಿನಕ್ಕೆ ಹತ್ತು ಸಲ ಗಲ್ಲ ತಿಕ್ಕುತ್ತಿದ್ದೆ. ಕನ್ನಡಿಯಲ್ಲಿ ಹುಡುಕಿ ಹುಡುಕಿ ಕಣ್ಣು ಸೋತವು. ನೀರು ಕುಡಿದರೆ ಕುಪ್ಪಸ ತೊಯ್ಯುತ್ತಿತ್ತು. ಇವರು ದೀಪಾವಳಿಯ ಮಾತೆತ್ತುವುದನ್ನೇ ಬಿಟ್ಟಿದ್ದರು. ಅತ್ತೆ ಒಲೆಯ ಹತ್ತಿರ ನನ್ನನ್ನು ಬಿಡದೆ, ಊದುಗೊಳವೆಯನ್ನು ಮೇಲಿನ ಗೂಡಿನಲ್ಲಿ ನನಗೆ ಕಾಣದ ಹಾಗೆ ಇಟ್ಟಿದ್ದರು.

ದೀಪಾವಳಿಗೆ ಒಂಬತ್ತು ದಿನ ಇದ್ದಾಗ ಮತ್ತೆ ಮೂರು ಫೋಟೊ ತೆಗೆದೆ. ಈ ಸಲ ಹಲ್ಲು ಬಿಟ್ಟು, ನಾಚಿಕೆ ಬಿಟ್ಟು. ನಕ್ಕದ್ದು ಅಲುಗಿರಬಹುದೆಂದು ಅದನ್ನು ಎರಡು ಸಲ ಹೊಡೆದೆ. ನೆಗೆಟಿವ್ ಬೆಳಕಿಗೆ ಹಿಡಿದಾಗ ಎಡಗಲ್ಲದ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಕಂಡಿತು. ಥೂ, ಫಿಲಂ ಗೀರಿದೆ ಎಂದುಕೊಂಡೆ. ಪೆನ್ಸಿಲ್ ಎತ್ತಿ ತುದಿಯನ್ನು ಗೆರೆಯ ಮೇಲೆ ಇಟ್ಟೂ ಇಟ್ಟಿದ್ದೆ. ಕೈ ನಿಂತಿತು. ಇನ್ನೊಂದು ನೆಗೆಟಿವ್ ತೆಗೆದು ನೋಡಿದೆ. ಅದರಲ್ಲೂ ಇತ್ತು. ಅದೇ ಜಾಗದಲ್ಲಿ, ಅದೇ ಓಟದಲ್ಲಿ. ಎರಡು ಫಿಲಂ ಒಂದೇ ಕಡೆ ಹೇಗೆ ಗೀರುತ್ತವೆ?

"ಚಾಚಾ!" ಎಂದು ಕೂಗಿದೆ. ಅವರು ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ಪೊರೆಗಣ್ಣಿಗೆ ಒತ್ತಿಕೊಂಡರು. "ನನಗ ಕಾಣವಲ್ದು ಬೇಟಿ. ನೀ ಹೇಳು. ಗೀರು ಏನು, ಗೆರಿ?"

"ಗೆರಿ ಚಾಚಾ. ಗೆರಿ!"

ಪ್ರಿಂಟ್ ಒಣಗುವ ತನಕ ಕಾಯಲಿಲ್ಲ, ಹಸಿಯದನ್ನೇ ಪೇಪರಿನಲ್ಲಿ ಸುತ್ತಿಕೊಂಡು ಸಿಕ್ಕ ಬಸ್ಸಿಗೆ ನಾನೂ ಇವರೂ ಹುಮನಾಬಾದಿಗೆ ಓಡಿದೆವು. ಡಾಕ್ಟರು ಫೋಟೊ ಪಕ್ಕಕ್ಕಿಟ್ಟು, "ಪೆನ್ಸಿಲ್ಲಿನಿಂದ ಬರೆದುಕೊಂಡು ಬಂದಿಲ್ಲ ತಾನೇ? ನನ್ನೆದುರು ನಗಿ," ಎಂದರು. ನಗು ಎಂದರೆ ಬರುತ್ತದೆಯೇ? ಆಗ ಇವರು ನನ್ನ ಕಿವಿಯ ಹತ್ತಿರ ಬಾಗಿ, "ಬರೋ ಮುಂದ ಅವ್ವ ಕ್ಯಾಮೆರಾಕ್ಕ ಮತ್ತ ದೃಷ್ಟಿ ತೆಗದಾಳ. ಈ ಸಲ ಬೊಟ್ಟಿನ ಕೊಡಕ್ಕೂ," ಎಂದರು. ನಾನು ಆ ಖೋಲಿಯಲ್ಲಿ, ಡಾಕ್ಟರ ಎದುರಿಗೇ, ಓಣಿಯ ತುದಿಗೆ ಕೇಳುವ ಹಾಗೆ ನಕ್ಕೆ. ಡಾಕ್ಟರು ನನ್ನ ಎಡಗಲ್ಲದ ಮೇಲೆ ಬೆರಳಿಟ್ಟು, "ಇಗೋ ಬಂತು," ಎಂದರು. ಪೂರ್ತಿ ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಇವತ್ತಿಗೂ ಬಹಳ ದಣಿದಾಗ ಎಡಗಣ್ಣು ಒಂದಿಷ್ಟು ಸಣ್ಣದಾಗುತ್ತದೆ. ಆಗಲಿ.

ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಕೂತಿದ್ದರು. "ಏನಂದ ಡಾಕ್ಟರ?" ಎಂದು ತಿರುಗದೆಯೇ ಕೇಳಿದರು. ನಾನು ಕಾಲ್ಬೆರಳ ಮೇಲೆ ನಿಂತು ಗೂಡಿಗೆ ಕೈ ಹಾಕಿ ಊದುಗೊಳವೆ ತೆಗೆದೆ. ಅವರ ಪಕ್ಕದಲ್ಲಿ ಕೂತು ಬಾಯಿಗಿಟ್ಟು ಊದಿದೆ. ಅರ್ಧ ಗಾಳಿ ಪುಸ್ ಎಂದು ಎಡಗಡೆಯಿಂದ ಹೋಯಿತು. ಉಳಿದರ್ಧ ಗೊಳವೆಯೊಳಗೆ ಹೋಯಿತು. ಮತ್ತೊಮ್ಮೆ ಊದಿದೆ. ಕೆಂಡ ಕೆಂಪಾಯಿತು, ಕಟ್ಟಿಗೆಗೆ ಉರಿ ಹತ್ತಿತು.

ಅತ್ತೆ ಉರಿಯನ್ನು ನೋಡಿದರು, ನನ್ನ ಗಲ್ಲವನ್ನು ನೋಡಿದರು.

"ಆ ಬೋರ್ಡ್ ಎಷ್ಟ ದಿನ ಗ್ವಾಡಿ ಕಡಿ ಮಾರಿ ಮಾಡಿ ನಿಂದ್ರತದ?" ಎಂದರು, ಜಗಳದ ದನಿಯಲ್ಲೇ. "ನಾಳಿ ಹೊರಗ ಹಾಕಸು. ಮೊದಲ ನನ್ನ ಫೋಟೊನೇ ತೆಗಿ. ನನ್ನ ಮಾರಿಗಿ ಪೆನ್ಸಿಲ್ ಹಚ್ಚಿದಿ ಅಂದ್ರ ನೋಡು ಮತ್ತ!"

ಹೇಳಿದವರೇ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹಾಳಾದ ಹೊಗಿ," ಎಂದು ಒಲೆಯನ್ನು ಬೈದರು. ಒಲೆಯಲ್ಲಿ ಹೊಗೆ ಇರಲಿಲ್ಲ. ಉರಿ ಚೆನ್ನಾಗಿ ಹತ್ತಿತ್ತು.